ಕಬ್ಬಿನ ಬುಡದ ಗಣಿಕೆ ಯಾರಿಗೆ?

ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ಇಯತ್ತೆ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಅವರಿಗೆ ಕಲಿಸುತ್ತೇನೆ. ಹಾಗಾಗಿ ಆರು ವರ್ಷದವರ ಜಗಳವೂ ಎಂಟು ವರ್ಷದವರ ಜಗಳವೂ ದಿನಾ ಕಿವಿಗೆ ಬೀಳುತ್ತವೆ.

ತಿನ್ನೋದು ಏನು ಹಂಚಿದರೂ ಸಣ್ಣವರದು ಒಂದೇ ರಾಗ: "ಅಕ್ಕೋರ, ನನಗ ಕಮ್ಮಿ ಬಂದೈತ್ರಿ." ಜಾಸ್ತಿ ಬಂದರೆ ಮಾತ್ರ ಸುಮ್ನೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಇದಕ್ಕೆ ಬೈದು ಫಲವಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತವೂ ಸೇರಿ ಏಳು ದೇಶಗಳ ಮಕ್ಕಳಿಗೆ ತಿಂಡಿ ಹಂಚಿ ನೋಡಿದ್ದರು. ಹಂಚಿಕೆ ಒಪ್ಪೋದು ಒಂದು ಮಗುವಿನ ಕೈಯಲ್ಲಿ, ಅದು ಬೇಡ ಅಂದರೆ ಇಬ್ಬರಿಗೂ ಇಲ್ಲ. ತನಗೆ ಕಮ್ಮಿ, ಎದುರಿನವರಿಗೆ ಜಾಸ್ತಿ ಅಂದಾಗ "ಹಾಗಾದರೆ ಇಬ್ಬರಿಗೂ ಬೇಡ" ಅನ್ನೋ ಹಟ ಏಳೂ ಕಡೆ ಕಂಡಿತು. ತನಗೇ ಜಾಸ್ತಿ ಸಿಕ್ಕಾಗಲೂ ಬೇಡ ಅನ್ನೋದು ಕಂಡಿದ್ದು ಅಮೆರಿಕ, ಕೆನಡಾ, ಉಗಾಂಡಾದಲ್ಲಿ ಮಾತ್ರ, ಅದೂ ದೊಡ್ಡ ಮಕ್ಕಳಲ್ಲಿ. ನಮ್ಮ ಮಕ್ಕಳು ಸ್ವಾರ್ಥಿಗಳು ಅಂತ ಇದರಿಂದ ಹೇಳಲಾಗದು. ತಿನ್ನೋದನ್ನ ಚೆಲ್ಲಬಾರದು ಅಂತ ಕೇಳಿಕೊಂಡೇ ಬೆಳೆದವರು, ಅಲ್ವಾ?

ನಾನು ಉಪದೇಶ ಬಿಟ್ಟು ಹಂಚೋ ಕೆಲಸವನ್ನೇ ಅವರ ಕೈಗೆ ಕೊಟ್ಟೆ. ಕಬ್ಬು ಕಡಿಯೋ ಹಂಗಾಮಿನಲ್ಲಿ ಯಾರದಾದರೂ ಮನೆಯಿಂದ ನಾಲ್ಕು ಕಬ್ಬು ಬಂದೇ ಬರುತ್ತವೆ. ಇಬ್ಬರಿಗೆ ಒಂದು ಕಬ್ಬು. ಒಬ್ಬರು ಮುರಿಯಬೇಕು, ಇನ್ನೊಬ್ಬರು ಮೊದಲು ಆರಿಸಬೇಕು.

ಸಣ್ಣವರು ಚೌಕಾಸಿ ಮಾಡದೆ ಸರಿ ಅರ್ಧಕ್ಕೆ ಮುರಿದರು. ಎದುರಿನವರು ಪ್ರತಿ ಸಲ ಬುಡದ ತುಂಡನ್ನೇ ಎತ್ತಿಕೊಂಡರು. ಬುಡ ಸಿಹಿ, ತುದಿ ಸಪ್ಪೆ. ಇಲ್ಲಿನ ಮಕ್ಕಳಿಗೆ ಅದನ್ನ ಹೇಳಿಕೊಡಬೇಕೇ? "ಉದ್ದ ಸಮ ಐತ್ರಿ, ರುಚಿ ಸಮ ಇಲ್ಲ" ಅಂದಳು ಮೂರನೇ ಇಯತ್ತೆಯ ಒಬ್ಬಳು. ಆಮೇಲೆ ಅವಳು ಗಣಿಕೆ (ಎರಡು ಗೆಣ್ಣಿನ ನಡುವಿನ ತುಂಡು) ಎಣಿಸಿ ಬುಡದ ತುಂಡನ್ನ ಗಿಡ್ಡ, ತುದಿಯದನ್ನ ಉದ್ದ ಮುರಿದಳು. ಆರಿಸಬೇಕಾದ ಹುಡುಗ ಎರಡನ್ನೂ ಹಿಡಿದು ನೋಡುತ್ತಾ ಬಹಳ ಹೊತ್ತು ನಿಂತ. ನನ್ನ ಯಾವ ಗಣಿತದ ಪಾಠಕ್ಕೂ ಅವನು ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ!

ಮೂವರಿದ್ದರೆ ಮುರಿದವರು ಕೊನೆಗೆ ಎತ್ತಬೇಕು. ಇಷ್ಟೇ ನಿಯಮ.

ಜೊತೆಗೆ ದುಡಿದಾಗ ಹಂಚಿಕೆ ಇನ್ನೂ ಸಲೀಸು. ಇಬ್ಬರು ಒಂದೇ ಬಕೆಟ್ ಹಿಡಿದು ಗಿಡಕ್ಕೆ ನೀರು ಹಾಕಿ ಬಂದ ದಿನ ಚಿಕ್ಕಿ ಹಂಚಿಕೊಳ್ಳುವಾಗ ಜಗಳ ಕಮ್ಮಿ ಇರುತ್ತಿತ್ತು. ಮೂರು ವರ್ಷದವರು ಕೂಡ ಪುಕ್ಕಟೆ ಸಿಕ್ಕಿದ್ದಕ್ಕಿಂತ ಇಬ್ಬರೂ ಸೇರಿ ಗಳಿಸಿದ್ದನ್ನ ಹೆಚ್ಚು ಸಮನಾಗಿ ಹಂಚುತ್ತಾರೆ ಅಂತ 2011ರ ಒಂದು ಪ್ರಯೋಗವೂ ತೋರಿಸಿದೆ.

ಕಷ್ಟ ಶುರುವಾಗೋದು 'ಸಮ' ಸಾಲದೆ ಹೋದಾಗ. ಒಂದನೇ ಇಯತ್ತೆಯ ಒಬ್ಬನಿಗೆ ಮುಂದಿನ ಹಲ್ಲು ಬಿದ್ದಿದ್ದವು. ಬುಡದ ತುಂಡು ಸಿಕ್ಕರೂ ಸುಲಿಯಲಾರ. ದೊಡ್ಡ ಹುಡುಗನೊಬ್ಬ ಸುಲಿದುಕೊಟ್ಟ, ಕೊಟ್ಟು ಒಂದು ಗಣಿಕೆ ಕೂಲಿ ಕೇಳಿದ. ಕೋಣೆ ಎರಡು ಪಾರ್ಟಿ ಆಯ್ತು. "ದುಡಿದಾನ್ರಿ, ಕೊಡಬೇಕು" ಅಂತ ಕೆಲವರು. "ಹಲ್ಲು ಬಿದ್ದದ್ದು ಅವನ ತಪ್ಪೇನ್ರಿ?" ಅಂತ ಉಳಿದವರು. ನಾನು ತೀರ್ಪು ಕೊಡಲಿಲ್ಲ. ಅರ್ಧ ಗಣಿಕೆಗೆ ಅವರವರೇ ರಾಜಿಯಾದರು.

ಇದನ್ನ ಮಾಡಿ ನೋಡೋರಿಗೆ ಒಂದು ಮಾತು: ಬಿಟ್ಟುಕೊಟ್ಟ ಮಗುವನ್ನ ಎಲ್ಲರೆದುರು ಭೇಷ್ ಭೇಷ್ ಅಂತ ಹೊಗಳಬೇಡಿ. ಮರುದಿನದಿಂದ ಅದು ನಿಮ್ಮ ಮುಖ ನೋಡಿಕೊಂಡು ಕೊಡುತ್ತದೆ, ನೀವು ಹೊರಗೆ ಹೋದ ಕೂಡಲೇ ವಾಪಸ್ ಇಸಿದುಕೊಳ್ಳುತ್ತದೆ.