ಸಸಿ ಎಲ್ಲರೂ ಕೊಡ್ತಾರೆ, ನೀರು ಕೇಳಿ

ಕುಷ್ಟಗಿ ತಾಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಶಾಲೆ ಹಿಂದಿನ ಖಾಲಿ ಜಾಗದಲ್ಲಿ ಹಕ್ಕಿ, ಚಿಟ್ಟೆ, ಓತಿಕ್ಯಾತಗಳಿಗೆ ನೆಲೆ ಮಾಡಬೇಕು ಅಂತ ಇಕೋ ಕ್ಲಬ್ (ಶಾಲೆಯ ಪರಿಸರ ಸಂಘ) ಮಕ್ಕಳು ಹಟ ಹಿಡಿದರು. ದುಡ್ಡು ಎಲ್ಲಿಂದ ಬಂತು ಅಂತ ಬೇರೆ ಶಾಲೆಯವರು ಕೇಳ್ತಾ ಇರ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸಸಿಗೆ ದುಡ್ಡು ಹುಡುಕಬೇಡಿ. ಮಳೆಗಾಲ ಶುರುವಾದಾಗ ಅರಣ್ಯ ಇಲಾಖೆ ನರ್ಸರಿಯಲ್ಲಿ ಬೇವು, ಹೊಂಗೆ ಕಡಿಮೆ ದರಕ್ಕೆ ಸಿಗುತ್ತವೆ. ಪರಿಸರ ದಿನಕ್ಕೆ ಸಸಿ ಕೊಡೋರು ತಾವಾಗಿಯೇ ಬರುತ್ತಾರೆ. ಆದರೆ ನಮ್ಮ ಕಡೆ ಬಿಸಿಲಲ್ಲಿ ಬೇಸಿಗೆ ದಾಟಿದ ಸಸಿಯೇ ಸಸಿ, ಅಲ್ವಾ? ದಾಟಿಸೋದು ನೀರು ಮತ್ತು ಬೇಲಿ. ಅವೆರಡನ್ನು ಕೇಳಿಯೇ ಪಡೆಯಬೇಕು.

ಶಾಲೆಗಳಿಗೆ ಸರ್ಕಾರ ಅನುದಾನ ಕೊಡುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಯೂತ್ ಮತ್ತು ಇಕೋ ಕ್ಲಬ್‌ಗೆ ಪ್ರೌಢಶಾಲೆಗಳಿಗೆ ವರ್ಷಕ್ಕೆ 25,000 ರೂಪಾಯಿವರೆಗೆ, ಹಿರಿಯ ಪ್ರಾಥಮಿಕಕ್ಕೆ 15,000ದವರೆಗೆ ಕೊಡಲು ಅವಕಾಶ ಇದೆ. ಅನುದಾನ ಬಂದಾಗ ಎಸ್ಟಿಮೇಟ್ ಬರೆಯೋ ಕೆಲಸ ಮಕ್ಕಳಿಗೇ ಬಿಟ್ಟೆ. ಮೊದಲ ಪಟ್ಟಿಯಲ್ಲಿ ದೊಡ್ಡ ಬೋರ್ಡು, ಬಣ್ಣ, ಸಿಮೆಂಟ್ ಬೆಂಚು ಇದ್ದವು. "ಇದರಾಗ ಹಕ್ಕಿಗೆ ಬೇಕಾಗಿದ್ದು ಯಾವ್ದು?" ಅಂತ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು. ಬೋರ್ಡು ಹೋಯ್ತು, ಪೈಪು ಬಂತು. ಈಗ ಬಿಸಿಯೂಟದ ತಟ್ಟೆ ತೊಳೆದ ನೀರು ಮೊದಲು ಜರಡಿ, ಆಮೇಲೆ ಜಲ್ಲಿ-ಮರಳಿನ ಗುಂಡಿ ದಾಟಿ ಸಸಿ ಸಾಲಿಗೆ ಹರಿಯುತ್ತದೆ.

ಮಳೆನೀರಿನ ಹೊಂಡಕ್ಕೆ ಮಕ್ಕಳ ಗ್ರಾಮ ಸಭೆಯಲ್ಲಿ ಕೇಳಿದೆವು. ಕೇಳಿದವರು ಮಕ್ಕಳೇ. ಜಾಗದ ನಕ್ಷೆ ಬರೆದುಕೊಂಡು ಹೋಗಿದ್ದರು. ಅದು ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿದ ಮೇಲೆ ನರೇಗಾದಲ್ಲಿ ಅಗೆಸಿಕೊಟ್ಟರು. ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಆಮೇಲೆ ಎಷ್ಟು ಓಡಾಡಿದರೂ ಸುಮ್ನೆ. ಆದ್ದರಿಂದ ಮೊದಲೇ ಅರ್ಜಿ ಕೊಡಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವನ್ನೂ ಜೊತೆಗಿಡಿ.

ದುಡ್ಡೇ ಬೇಡದ್ದೂ ಇದೆ. ಗೋಡೆ ಪಕ್ಕದ ಎಕ್ಕದ ಗಿಡ ಕಿತ್ತುಹಾಕಿ ಅಂತ ತುಂಬಾ ಜನ ಹೇಳಿದರು. ಮಕ್ಕಳು ಬಿಡಲಿಲ್ಲ. ಎಲೆ ತಿರುವಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ, ಬೆನ್ನ ಮೇಲೆ ಕಪ್ಪು ಎಳೆಗಳು. ಅದೇ ಮುಂದೆ ಕಿತ್ತಳೆ ರೆಕ್ಕೆಯ ಚಿಟ್ಟೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಸುತ್ತ ಮುಳ್ಳು ಹಾಕಿದ್ದೇವೆ.

ಪ್ರತಿ ಬಿಲ್ಲನ್ನೂ ಮಕ್ಕಳು ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ದುಡ್ಡು ತರೋದರಲ್ಲಿ ಇದರಷ್ಟು ಕೆಲಸ ಮಾಡಿದ್ದು ಬೇರೆ ಇಲ್ಲ. ಅದನ್ನು ಓದಿದ ಹಳೆ ವಿದ್ಯಾರ್ಥಿಗಳೇ ಬೇಲಿಯ ತಂತಿ ಕೊಡಿಸಿದರು. ಮುಂದಿನ ಬೇಸಿಗೆಗೆ ಒಂದು ಟ್ಯಾಂಕ್ ಬೇಕು, ಅರ್ಜಿ ಎಂಟನೇ ತರಗತಿಯವರು ಬರೆಯುತ್ತಿದ್ದಾರೆ.