ಹೆಬ್ಬಾರರ ಗೆರೆ ಹಿಡಿದು ಆಟದ ಚಿತ್ರ ಬಿಡಿಸಿದ್ದು

ಚಿತ್ರಕಾರ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರ ನೋಡಿದವರಿಗೆ ಮೊದಲು ಅನಿಸುವುದು ‘ಇಷ್ಟೇನಾ, ನಾನೂ ಬಿಡಿಸಬಹುದಲ್ವಾ’ ಅಂತ. ಕೆಲವೇ ಗೆರೆ. ಮುಖಕ್ಕೆ ಕಣ್ಣು ಮೂಗು ಪೂರ್ತಿ ಇರುವುದಿಲ್ಲ, ನೆರಳು ಬೆಳಕಿನ ಗೋಜಿಲ್ಲ. ಆದರೂ ಚಿತ್ರದ ನರ್ತಕಿ ಕುಣಿಯುತ್ತಿದ್ದಾಳೆ ಅನ್ನುವುದರಲ್ಲಿ ಸಂಶಯವೇ ಬರುವುದಿಲ್ಲ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಚಿತ್ರಕಲೆಯ ಡಿಗ್ರಿ ಗಿಗ್ರಿ ಏನೂ ಇಲ್ಲ. ಹೆಬ್ಬಾರರು ಹುಟ್ಟಿದ್ದು (1911) ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ನಮ್ಮ ಕಡೆಯವರು ಅನ್ನುವ ಸಲುಗೆಯಲ್ಲೇ ಅವರ ಗೆರೆ ಹಿಡಿದು ಆಟದ, ಅಂದರೆ ಯಕ್ಷಗಾನದ, ಚಿತ್ರಕ್ಕೆ ಕೈ ಹಾಕಿದೆ ಅನ್ನಿ.

ಶುರು ಮಾಡಿದ್ದು ನಕಲಿನಿಂದ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಮತ್ತು ಫ್ರಾನ್ಸಿನ ಗೋಗ್ಯಾಂ ಚಿತ್ರಗಳ ಪ್ರಭಾವ ಹೆಬ್ಬಾರರ ಮೇಲೂ ಇತ್ತು. ಅಚ್ಚಾದ ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೆರೆಯ ಜಾಡು ಹಿಡಿದು ಹೋದೆ. ಆಕಾರ ಕದಿಯುವುದು ಇಲ್ಲಿ ಮುಖ್ಯ ಅಲ್ಲ, ವೇಗ ಓದಬೇಕು. ಗೆರೆ ಎಲ್ಲಿ ದಪ್ಪ ಆಗಿದೆಯೋ ಅಲ್ಲಿ ಕೈ ಒತ್ತಿದೆ ಅಥವಾ ನಿಧಾನವಾಗಿದೆ, ಎಲ್ಲಿ ಕೂದಲೆಳೆಯಷ್ಟು ತೆಳ್ಳಗಾಗಿದೆಯೋ ಅಲ್ಲಿ ಓಡಿದೆ. ಇದನ್ನು ಒಮ್ಮೆ ನೋಡಲು ಕಲಿತರೆ ಒಂದೇ ಗೆರೆ ಭುಜದಿಂದ ಹೊರಟು ಸೊಂಟ ದಾಟಿ ಹಿಮ್ಮಡಿಗೆ ಬಂದು ನಿಲ್ಲುವ ದಾರಿ ಕಾಣುತ್ತದೆ. ಆಮೇಲೆ ಟ್ರೇಸಿಂಗ್ ಪೇಪರ್ ಬದಿಗಿಟ್ಟು ಸುಮ್ನೆ ನೋಡಿಕೊಂಡು ಬಿಡಿಸಬೇಕು, ಕೊನೆಗೆ ಪುಸ್ತಕವನ್ನೂ ಮುಚ್ಚಬೇಕು.

ಹೆಬ್ಬಾರರು ನೃತ್ಯದ ಲಯ ಮೈಗೆ ಹತ್ತಲಿ ಅಂತ ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ಕಲಿತವರು. ವೇದಿಕೆ ಹತ್ತುವ ಆಸೆಯಿಂದ ಅಲ್ಲ, ಗೆರೆಗೋಸ್ಕರ. ಇದು ಗೊತ್ತಾದ ಮೇಲೆ ನಾನು ಹತ್ತಿರದ ಯಕ್ಷಗಾನ ತರಗತಿಗೆ ಹೋಗಿ ಮಕ್ಕಳ ಹಿಂದೆ ನಿಂತು ಹೆಜ್ಜೆ ಕಲಿತೆ. ಏಕತಾಳಕ್ಕೆ ಹೆಜ್ಜೆ ಹಾಕುವಷ್ಟರಲ್ಲಿ ಮಂಡಿ ಉರಿಯುತ್ತಿತ್ತು. ಗುರುಗಳು ‘ನೀವು ಕೂತೇ ನೋಡಿ ಮಾರಾಯ್ರೇ’ ಅಂದರೂ ಬಿಡಲಿಲ್ಲ. ಕುಣಿತದಲ್ಲಿ ಮೈಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಹೋಗುತ್ತದೆ ಅನ್ನುವುದು ಕೂತು ನೋಡಿದರೆ ತಿಳಿಯುವುದಿಲ್ಲ, ನಿಂತರೆ ಮಾತ್ರ ತಿಳಿಯುತ್ತದೆ.

ಆದರೆ ಕಥಕ್ ಬೇರೆ, ಆಟ ಬೇರೆ. ನಮ್ಮ ವೇಷದಲ್ಲಿ ಮೈ ಕಾಣುವುದೇ ಇಲ್ಲ. ಭುಜದ ಮೇಲೆ ಭುಜಕೀರ್ತಿ, ಎದೆಯ ಮೇಲಿನ ಕಟ್ಟು, ಸೊಂಟಕ್ಕೆ ಡಾಬು, ಹಿಂದೆ ಮುಂದೆ ಬಟ್ಟೆ, ತಲೆ ಮೇಲೆ ಕೇದಗೆ ಮುಂದಲೆ ಅನ್ನುವ ಮುಂಡಾಸೋ ಕಿರೀಟವೋ. ಆಭರಣ ಒಂದೊಂದೇ ಬಿಡಿಸುತ್ತಾ ಕೂತರೆ ಅಂಗಡಿಯ ಶೋಕೇಸ್ ಆಗುತ್ತದೆ, ಕುಣಿತ ಹೋಗುತ್ತದೆ. ಹೆಬ್ಬಾರರ ನರ್ತಕಿಯ ಗೆರೆಯನ್ನು ಎತ್ತಿ ತಂದು ಇಲ್ಲಿ ಕೂರಿಸಲು ಆಗುವುದಿಲ್ಲ. ಹಾಗಾಗಿ ನಾನು ಗೆರೆಯನ್ನು ಕಾಲಿನಿಂದಲೇ ಎತ್ತಿಕೊಳ್ಳುತ್ತೇನೆ. ಭಾರ ಹೊತ್ತ ಪಾದ ಮೊದಲು, ಅಲ್ಲಿಂದ ಮೊಣಕಾಲು, ಆಮೇಲೆ ಒಂದೇ ಉಸಿರಿಗೆ ಬೆನ್ನು ಏರಿ ಮುಂದಲೆಯ ತುದಿ. ವೇಷದ ಅಗಲಕ್ಕೆ ಹೊರಗಿನ ಗೆರೆ ಒಂದು ಸಾಕು. ಆಭರಣದಲ್ಲಿ ಭುಜಕೀರ್ತಿ ಮಾತ್ರ ಇಡುತ್ತೇನೆ, ಯಾಕೆಂದರೆ ಮೈ ವಾಲಿದ ದಿಕ್ಕನ್ನು ಅದು ಹೇಳುತ್ತದೆ.

ಯಾವ ಗಳಿಗೆ ಹಿಡಿಯಬೇಕು ಅನ್ನುವುದು ಇನ್ನೊಂದು. ಪದ್ಯದ ಕೊನೆಗೆ ಬಿಡ್ತಿಗೆ (ಮುಕ್ತಾಯದ ಚೆಂಡೆ ಮದ್ದಳೆಯ ನುಡಿತ) ಮುಗಿದು ಕಲಾವಿದ ಗಟ್ಟಿಯಾಗಿ ನಿಲ್ಲುತ್ತಾನಲ್ಲ, ಫೋಟೋದವರೆಲ್ಲ ಕ್ಲಿಕ್ ಮಾಡುವುದು ಆವಾಗ. ನನಗೆ ಅದಕ್ಕಿಂತ ಸ್ವಲ್ಪ ಮುಂಚಿನದ್ದು ಬೇಕು, ಒಂದು ಕಾಲು ಇನ್ನೂ ನೆಲ ಮುಟ್ಟಿರದ ಹೊತ್ತು. ತಾಳ ಗೊತ್ತಿದ್ದರೆ ಚೆಂಡೆ ಕೇಳುವಾಗಲೇ ‘ಈಗ ಬಂತು’ ಅಂತ ಗೊತ್ತಾಗುತ್ತದೆ, ಕೈ ಮೊದಲೇ ತಯಾರಾಗಿರುತ್ತದೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಧೀಂಗಿಣ, ಅಂದರೆ ಹಾರಿ ಸುತ್ತುವ ಕುಣಿತ ಮಾತ್ರ ಈಗಲೂ ನನ್ನ ಕೈಗೆ ಸರಿಯಾಗಿ ಸಿಗುತ್ತಿಲ್ಲ. ಉತ್ತರದ ಶೈಲಿಯಾದ ಬಡಗಿನಲ್ಲಿ ಮಂಡಿಯೂರಿ ತಿರುಗುವುದು ಪರವಾಗಿಲ್ಲ, ನೆಲಕ್ಕೆ ಹತ್ತಿರ ಇರುವುದರಿಂದ ಕಣ್ಣು ಹಿಂಬಾಲಿಸುತ್ತದೆ.

ಸಾಮಾನು ಜಾಸ್ತಿ ಬೇಡ. ಆಟದ ಗದ್ದೆಯಲ್ಲಿ ಬಾಗಿದ ನಿಬ್ಬಿನ ಫೌಂಟನ್ ಪೆನ್ನು, ಅದಕ್ಕೆ ಮಾಮೂಲಿ ಪೆನ್ನಿನ ಶಾಯಿ. ಇಂಡಿಯನ್ ಇಂಕ್ ಅದಕ್ಕೆ ಹಾಕಬೇಡಿ, ಅದರಲ್ಲಿನ ಅರಗು ಒಣಗಿ ಪೆನ್ನು ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಕುಂಚಕ್ಕೋ ಅದ್ದಿ ಬರೆಯುವ ನಿಬ್ಬಿಗೋ ಅದೇ ಒಳ್ಳೆಯದು. ಕಾಗದ ಅಗ್ಗದ್ದೇ ಇರಲಿ, ದುಬಾರಿ ಕಾಗದದ ಮುಂದೆ ಕೈ ಹೆದರುತ್ತದೆ. ದೀಪಾವಳಿ ಕಳೆದು ಮೇಳ (ಯಕ್ಷಗಾನದ ತಂಡ) ಹೊರಟರೆ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆ ದಿನದವರೆಗೆ, ಹೊರಗಿನ ಕೆಲಸ, ಮಳೆಗಾಲದಲ್ಲಿ ಮನೆಯೊಳಗೆ ಅಭ್ಯಾಸ. ನಮ್ಮ ಕರಾವಳಿಯ ಮಳೆಗೆ ಕಾಗದ ತೇವ ಕುಡಿದು ಶಾಯಿ ಹಬ್ಬುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ.

ಹೆಬ್ಬಾರರ ಮೂಲ ಚಿತ್ರ ನೋಡಬೇಕಿದ್ದರೆ ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಅಚ್ಚಿನಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ, ಶಾಯಿ ಮುಗಿಯುತ್ತಾ ಬಂದಾಗ ಗೆರೆ ಒಡೆಯುವುದು, ಅದನ್ನು ಅವರು ಹಾಗೆಯೇ ಬಿಟ್ಟದ್ದು.

ನನ್ನ ಜೊತೆ ಆಟಕ್ಕೆ ಬರುವ ಗೆಳೆಯನೊಬ್ಬನಿಗೆ ಚಿತ್ರವೇ ಹೊಟ್ಟೆಪಾಡು. ಮದುವೆ ಕಾರ್ಡು, ಹೋಟೆಲ್ ಗೋಡೆ, ಏನು ಬಂದರೂ ಮಾಡುತ್ತಾನೆ. ಗಿರಾಕಿಗಳು ‘ಹೆಬ್ಬಾರರ ಥರದ್ದೇ ಒಂದು ಮಾಡಿಕೊಡಿ’ ಅಂತ ಕೇಳುತ್ತಾರಂತೆ. ಅವನು ‘ಶೈಲಿ ಯಾರ ಅಪ್ಪನ ಆಸ್ತಿ’ ಅನ್ನುತ್ತಾನೆ, ಅದು ಸರಿಯೇ. ಆದರೆ ಅವರದೇ ಚಿತ್ರವನ್ನು ಇದ್ದ ಹಾಗೆ ನಕಲು ಮಾಡಿ ಮಾರುವುದು ಬೇರೆ ವಿಷಯ. ನಮ್ಮಲ್ಲಿ ಹಕ್ಕುಸ್ವಾಮ್ಯ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ, ಅಂದರೆ 2056 ಮುಗಿಯುವವರೆಗೆ. ನಾನು ಅಭ್ಯಾಸದ ನಕಲುಗಳ ಹಿಂದೆ ‘ಹೆಬ್ಬಾರರ ಚಿತ್ರ ನೋಡಿ ಬಿಡಿಸಿದ್ದು’ ಅಂತ ಬರೆದು ಕಪಾಟಿಗೆ ಹಾಕುತ್ತೇನೆ, ಮುಂದೆ ಸಹಿ ಹಾಕುವುದಿಲ್ಲ. ಗೆಳೆಯ ಈಗ ಗಿರಾಕಿಗಳನ್ನು ಒಪ್ಪಿಸಿ ಕಾರ್ಡಿಗೆ ಆಟದ್ದೇ ಚಿತ್ರ ಹಾಕಲು ಶುರು ಮಾಡಿದ್ದಾನೆ. ಒಬ್ಬರು ಮಾತ್ರ ಮುಖದಲ್ಲಿ ಮೂಗು ಎಲ್ಲಿ ಅಂತ ಕೇಳಿ ವಾಪಸ್ ಕಳಿಸಿದರಂತೆ.