ಹಾಡು ಸಾಕು, ಚಿತ್ರ ಬೇಡ: ಭಜನೆ ವಿಡಿಯೊದಿಂದ ಆಡಿಯೊ ತೆಗೆಯುವ ಟೂಲ್ ಬರೆದದ್ದು ಹೀಗೆ

ಚಿಂತಾಮಣಿ ಸೀಮೆಯ ಭಜನೆ ಮಂಡಳಿಗಳು ತಮ್ಮ ಹಾಡಿಕೆಯನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುವುದು ಈಗ ಮಾಮೂಲು. ಫೋನ್ ಕೆಡುತ್ತದೆ, ಮೆಮೊರಿ ಕಾರ್ಡ್ ಕಳೆಯುತ್ತದೆ, ಕೊನೆಗೆ ಉಳಿಯುವುದು ಚಾನೆಲಿನಲ್ಲಿರುವ ಪ್ರತಿ ಒಂದೇ. ಅದರಿಂದ ತತ್ವಪದಗಳ ಆಡಿಯೊ ಮಾತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದು ಒಳ್ಳೆ ಪ್ರತಿ ಇಡಬೇಕು, ದೇವಸ್ಥಾನದ ಮೈಕ್ ಸೆಟ್ಟಿಗೆ ಪೆನ್ ಡ್ರೈವ್ ತುಂಬಿಸಿಕೊಡಬೇಕು. ಈ ಎರಡು ಕೆಲಸಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಂಡ ಸಣ್ಣ ಟೂಲಿನ ವಿವರ ಇದು.

ಮೊದಲು ಹಕ್ಕಿನ ಮಾತು. ಚಾನೆಲ್ ನಿಮ್ಮದೇ ಆಗಿದ್ದು ಲಾಗಿನ್ ಕೈಯಲ್ಲಿದ್ದರೆ ಡೌನ್‌ಲೋಡರ್ ಬೇಕೇ ಇಲ್ಲ. ಗೂಗಲ್ ಟೇಕ್‌ಔಟಿನಲ್ಲಿ ಯೂಟ್ಯೂಬ್ ವಿಡಿಯೊಗಳನ್ನು ಒಟ್ಟಿಗೇ ತರಿಸಿಕೊಳ್ಳಬಹುದು. ಯೂಟ್ಯೂಬ್ ಸ್ಟುಡಿಯೊದಲ್ಲಿ ಒಂದೊಂದಾಗಿ ಇಳಿಸಲೂ ಬರುತ್ತದೆ, ಆದರೆ ಅಲ್ಲಿ 720ಪಿ ಅಥವಾ 360ಪಿ ಎಂಪಿ4 ಮಾತ್ರ ಸಿಗುತ್ತದೆ. ಬೇರೆ ಮಂಡಳಿಯವರ ವಿಡಿಯೊ ಆದರೆ ಅವರ ಒಪ್ಪಿಗೆ ಬೇಕು. ಅದರ ಮೇಲೆ, ಡೌನ್‌ಲೋಡ್ ಗುಂಡಿ ಕೊಡದ ಕಡೆ ಅನುಮತಿಯಿಲ್ಲದೆ ಇಳಿಸಬಾರದು ಎಂದು ಯೂಟ್ಯೂಬಿನ ಷರತ್ತೇ ಇದೆ. ಪದ ಎಷ್ಟೇ ಹಳೆಯದಿರಲಿ, ಅದನ್ನು ಹಾಡಿ ಮುದ್ರಿಸಿದ್ದರ ಹಕ್ಕು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಿಕೆಗೆ 60 ವರ್ಷದ ರಕ್ಷಣೆ ಇದೆ. ಕ್ಯಾಸೆಟ್ ಕಂಪನಿಗಳ ಹಾಡಿಗೆ ಈ ಟೂಲ್ ಹಚ್ಚಬೇಡಿ.

ಆದ್ದರಿಂದ ನನ್ನ ಟೂಲಿಗೆ ಎರಡು ಬಾಗಿಲು ಇಟ್ಟೆ: ಕಂಪ್ಯೂಟರಿನಲ್ಲಿ ಆಗಲೇ ಇರುವ ವಿಡಿಯೊ ಫೈಲ್ ಕೊಟ್ಟರೂ ಸರಿ, ಲಿಂಕ್ ಕೊಟ್ಟರೂ ಸರಿ. ಒಳಗೆ ಬಂದ ಮೇಲೆ ಎರಡಕ್ಕೂ ಒಂದೇ ದಾರಿ.

ಲಿಂಕಿನ ಕಡೆಯ ಕೆಲಸವನ್ನು ಸ್ವಂತವಾಗಿ ಬರೆಯಲು ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆಡಿಯೊದ ನೇರ ವಿಳಾಸ ಕೆಲವೇ ಗಂಟೆ ಬಾಳುತ್ತದೆ, ಅದರೊಳಗೆ ಅವಧಿ ಮುಗಿಯುವ ಸಮಯವೂ ಕೇಳಿದವರ ಐಪಿ ವಿಳಾಸವೂ ಸೇರಿರುತ್ತವೆ. ಜೊತೆಗೆ ಜಾವಾಸ್ಕ್ರಿಪ್ಟಿನ ಒಂದು ಲೆಕ್ಕ ಬಿಡಿಸಿ ಉತ್ತರ ಕೊಡಬೇಕು. ಕೊಡದಿದ್ದರೆ ವೇಗ ತೀರಾ ಇಳಿಯುತ್ತದೆ, ಇಲ್ಲವೆ 403 ಎಂದು ಬಾಗಿಲು ಮುಚ್ಚುತ್ತದೆ. ಆ ಲೆಕ್ಕ ಆಗಾಗ ಬದಲಾಗುತ್ತಲೇ ಇರುತ್ತದೆ. ಅದರ ಹಿಂದೆ ಓಡಲೆಂದೇ ಒಂದು ಗುಂಪು ವೈಟಿ-ಡಿಎಲ್‌ಪಿ ಎಂಬ ಡೌನ್‌ಲೋಡರನ್ನು ನೋಡಿಕೊಳ್ಳುತ್ತಿದೆ. 2006ರಲ್ಲಿ ಶುರುವಾದ ಯೂಟ್ಯೂಬ್-ಡಿಎಲ್ ಎಂಬ ಪ್ರೋಗ್ರಾಮಿನ ಕವಲು ಅದು. ಇಳಿಸುವುದನ್ನು ಅದಕ್ಕೆ ಬಿಡಿ. ಆಡಿಯೊ ಕತ್ತರಿಸಿ ಜೋಡಿಸುವ ಕೆಲಸ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಪ್ರೋಗ್ರಾಮಿಗೆ. ಯಾವುದನ್ನು ಆರಿಸಬೇಕು, ಏನೆಂದು ಹೆಸರಿಡಬೇಕು, ಯಾವ ಕ್ರಮದಲ್ಲಿ ಹಾಕಬೇಕು ಎಂಬುದಷ್ಟೇ ನಿಮ್ಮ ಕೋಡು.

ಈಗ ಮುಖ್ಯ ವಿಷಯ. ವಿಡಿಯೊ ಇಳಿಸಿ ಅದರಿಂದ ಆಡಿಯೊ ಹಿಂಡುತ್ತೇವೆ ಎಂದು ಹಲವರು ಅಂದುಕೊಂಡಿದ್ದಾರೆ. ಯೂಟ್ಯೂಬಿನಲ್ಲಿ ಚಿತ್ರ ಬೇರೆ, ದನಿ ಬೇರೆ ಫೈಲುಗಳಾಗಿಯೇ ಇರುತ್ತವೆ, ಪ್ಲೇಯರ್ ಎರಡನ್ನೂ ಕೂಡಿಸಿ ತೋರಿಸುತ್ತದೆ. ಫಾರ್ಮ್ಯಾಟುಗಳ ಪಟ್ಟಿ ತರಿಸಿ ನೋಡಿದರೆ ಸಾಮಾನ್ಯವಾಗಿ 140 ಎಂಬ ಸಂಖ್ಯೆಯಲ್ಲಿ ಸುಮಾರು 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಎಸಿ ಆಡಿಯೊ ಎಂ4ಎ ಫೈಲಾಗಿ ಸಿಗುತ್ತದೆ. 251ರಲ್ಲಿ 160 ಕೆಬಿಪಿಎಸ್‌ವರೆಗಿನ ಓಪಸ್ ಆಡಿಯೊ ವೆಬ್‌ಎಂ ಫೈಲಾಗಿ, 249ರಲ್ಲಿ 50ರ ಆಸುಪಾಸಿನ ಓಪಸ್. ಎಎಸಿ, ಓಪಸ್ ಎರಡೂ ದನಿಯನ್ನು ಕುಗ್ಗಿಸಿಡುವ ವಿಧಾನಗಳು. ಹಾರ್ಮೋನಿಯಂ, ತಾಳ, ಗೆಜ್ಜೆಯ ಮೇಲ್ದನಿ ಓಪಸ್‌ನಲ್ಲಿ ಹೆಚ್ಚು ಉಳಿಯುತ್ತದೆ. ಆದರೂ ನಾನು ಕಾಪಿಟ್ಟುಕೊಳ್ಳುವುದು 140ನ್ನೇ. ಹಳೆ ಫೋನು, ಐಫೋನು, ಕಾರು ಎಲ್ಲಕ್ಕೂ ಎಂ4ಎ ಅರ್ಥವಾಗುತ್ತದೆ, ಫೋನಿನಲ್ಲಿ ಹಿಡಿದ ಭಜನೆಯಲ್ಲಿ ವ್ಯತ್ಯಾಸ ಕಿವಿಗೆ ಬೀಳುವುದು ಅಪರೂಪ. ಟೂಲಿನಲ್ಲಿ ಮೊದಲ ಆಯ್ಕೆ ಎಂ4ಎ, ಅದಿಲ್ಲದಿದ್ದರೆ ಸಿಕ್ಕಿದ್ದರಲ್ಲಿ ಒಳ್ಳೆಯ ಆಡಿಯೊ ಎಂದು ಬರೆದಿದೆ. ಪಟ್ಟಿಯಲ್ಲಿ ಹಲವು ಭಾಷೆಯ ಆಡಿಯೊ ಕಂಡರೆ ಅದು ಡಬ್ಬಿಂಗ್; ‘ಒರಿಜಿನಲ್’ ಎಂದಿರುವುದನ್ನೇ ಹಿಡಿಯಬೇಕು.

ಹೀಗೆ ಬಂದದ್ದನ್ನು ಮತ್ತೆ ಎನ್‌ಕೋಡ್ ಮಾಡಬಾರದು, ಅಂದರೆ ಹೊಸದಾಗಿ ಇನ್ನೊಮ್ಮೆ ಕುಗ್ಗಿಸಬಾರದು. ಎಂಪಿ3 320 ಕೆಬಿಪಿಎಸ್ ಎಂದು ಆರಿಸುವವರಿಗೆ ನಿಮಿಷಕ್ಕೆ 0.96 ಎಂಬಿ ಬದಲು 2.4 ಎಂಬಿ ಖರ್ಚಾಗುತ್ತದೆ, ಗುಣಮಟ್ಟ ಮಾತ್ರ ಮೂಲಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇರುತ್ತದೆ. ಮೂಲದಲ್ಲಿ ಕಳೆದುಹೋದದ್ದು ಬಿಟ್‌ರೇಟ್ (ಆ ಕೆಬಿಪಿಎಸ್ ಸಂಖ್ಯೆ) ಏರಿಸಿದರೆ ವಾಪಸ್ ಬರುವುದಿಲ್ಲ. ಕಂಪ್ಯೂಟರಿನಲ್ಲಿರುವ ಎಂಪಿ4 ಆದರೆ ಎಫ್‌ಎಫ್‌ಎಂಪೆಗ್‌ಗೆ ‘ಚಿತ್ರ ಬೇಡ, ಆಡಿಯೊ ನಕಲಿಸು’ ಎಂಬ ಆಯ್ಕೆ ಕೊಟ್ಟರೆ ಕ್ಷಣಮಾತ್ರದಲ್ಲಿ ಎಂ4ಎ ಕೈಗೆ ಬರುತ್ತದೆ. ವೆಬ್‌ಎಂ ಫೈಲಿನ ಹೆಸರಿನ ಬಾಲ ಅಳಿಸಿ ಎಂಪಿ3 ಎಂದು ಬರೆಯುವವರೂ ಇದ್ದಾರೆ. ಫೋನು ಒಳಗಿರುವುದನ್ನು ನೋಡಿ ಹೇಗೋ ನುಡಿಸುತ್ತದೆ, ಮೈಕ್ ಸೆಟ್ಟು ಮೌನ.

ಹಾಡಿನ ಮುಂದೆ, ಹಿಂದೆ ಇರುವ ‘ಸಬ್‌ಸ್ಕ್ರೈಬ್ ಮಾಡಿ’ ಮಾತನ್ನು ಕತ್ತರಿಸಲೂ ಎನ್‌ಕೋಡ್ ಬೇಡ. ವಿಡಿಯೊವನ್ನು ನಕಲಿಸುತ್ತಾ ಕತ್ತರಿಸಿದರೆ ಕೀಫ್ರೇಮಿನ (ಪೂರ್ತಿ ಚಿತ್ರ ಇರುವ ಚೌಕಟ್ಟು, ಕತ್ತರಿ ಅಲ್ಲೇ ಬೀಳಬೇಕು) ಕಾರಣ ಸೆಕೆಂಡುಗಟ್ಟಲೆ ಆಚೀಚೆ ಆಗುತ್ತದೆ. ಎಎಸಿ ಆಡಿಯೊದ ಒಂದು ತುಣುಕು 1024 ಸ್ಯಾಂಪಲ್ (ದನಿಯ ಬಿಡಿ ಅಳತೆ), ಅಂದರೆ 44,100 ಹರ್ಟ್ಸ್‌ನಲ್ಲಿ ಸುಮಾರು 23 ಮಿಲಿಸೆಕೆಂಡ್. ಅಷ್ಟು ಕರಾರುವಾಕ್ಕು ಭಜನೆಗೆ ಧಾರಾಳ.

ವೈಟಿ-ಡಿಎಲ್‌ಪಿಯನ್ನು ಪೈಥಾನ್ ಲೈಬ್ರರಿಯಾಗಿಯೇ ಕರೆಯಬಹುದು. ಮೊದಲು ಇಳಿಸದೆ ಮಾಹಿತಿ ಮಾತ್ರ ಕೇಳಿ: ಐಡಿ, ಶೀರ್ಷಿಕೆ, ಅವಧಿ. ಅವಧಿ ಒಂದು ಗಂಟೆ ಮೀರಿದರೆ ನನ್ನ ಟೂಲ್ ನಿಂತು ಕೇಳುತ್ತದೆ. ಇಡೀ ರಾತ್ರಿಯ ಜಾಗರಣೆ ಲೈವ್ ಹಾಕಿರುವ ಲಿಂಕುಗಳು ಹಾಗೆ ಬರುತ್ತವೆ. ಪ್ಲೇಲಿಸ್ಟ್ ಬೇಡ ಎಂಬ ಆಯ್ಕೆಯನ್ನು ಸದಾ ಹಾಕಿಡಿ. ವಾಟ್ಸಾಪಿನಲ್ಲಿ ಬರುವ ಲಿಂಕಿನ ಬಾಲದಲ್ಲಿ ಪ್ಲೇಲಿಸ್ಟಿನ ಗುರುತು ಅಂಟಿಕೊಂಡಿದ್ದರೆ ಒಂದು ಹಾಡಿನ ಬದಲು ಇನ್ನೂರು ಇಳಿಯತೊಡಗುತ್ತವೆ. ಇಳಿದದ್ದರ ಐಡಿ ಬರೆದಿಡುವ ಆರ್ಕೈವ್ ಫೈಲ್ ಇದ್ದರೆ ಎರಡನೇ ಸಲ ಓಡಿಸಿದಾಗ ಹಳೆಯವು ಬಿಟ್ಟುಹೋಗುತ್ತವೆ. ಹಾಡಿಂದ ಹಾಡಿಗೆ ಕೆಲವು ಸೆಕೆಂಡ್ ಬಿಡುವು ಕೊಡಿ. ಒಂದೇ ಸಮನೆ ಕೇಳಿದರೆ 429 ಎಂಬ ದೋಷ, ಅಂದರೆ ‘ತೀರಾ ಹೆಚ್ಚು ಕೇಳುತ್ತಿದ್ದೀರಿ’ ಎಂಬ ಉತ್ತರ, ಬರುತ್ತದೆ. ಬಂದಾಗ ಪದೇ ಪದೇ ಒತ್ತುವುದಕ್ಕಿಂತ ಸುಮ್ಮನೆ ಬಿಡುವುದೇ ಮದ್ದು. 403 ಬಂದರೆ ವೈಟಿ-ಡಿಎಲ್‌ಪಿ ಹಳತಾಗಿದೆ ಎಂದೇ ಮೊದಲು ಅನುಮಾನಿಸಿ. ಅದರ ಆವೃತ್ತಿಯ ಸಂಖ್ಯೆ ದಿನಾಂಕವೇ ಆದ್ದರಿಂದ ವಯಸ್ಸು ನೋಡಿದ ಕೂಡಲೇ ತಿಳಿಯುತ್ತದೆ. ಈಗೀಗ ಡೆನೊದಂಥ ಜಾವಾಸ್ಕ್ರಿಪ್ಟ್ ನಡೆಸುವ ಪ್ರೋಗ್ರಾಮೂ ಜೊತೆಗೆ ಬೇಕು. ಎಫ್‌ಎಫ್‌ಎಂಪೆಗ್ ಇಲ್ಲದೆ ಇಳಿಸಿದ ಎಂ4ಎ ತುಂಡುತುಂಡಾಗಿ ಜೋಡಿಸಿದ ಸ್ಥಿತಿಯಲ್ಲೇ ಉಳಿಯುತ್ತದೆ, ಕೆಲವು ಪ್ಲೇಯರುಗಳಲ್ಲಿ ಅವಧಿ ತೋರಿಸದು, ಮುಂದಕ್ಕೆ ಜರುಗಿಸಲೂ ಬಾರದು.

ಹೆಚ್ಚು ತಲೆ ತಿನ್ನುವುದು ಹೆಸರು. ಲಿನಕ್ಸಿನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒತ್ತು ಗುಣಿತ ಎಲ್ಲಕ್ಕೂ ಲೆಕ್ಕ. ‘ಚಿಕ್ಕಬಳ್ಳಾಪುರ’ ಒಂದಕ್ಕೇ 13 ಸಂಕೇತ, 39 ಬೈಟ್. ಮಂಡಳಿಯ ಹೆಸರು, ಊರು, ಹೋಬಳಿ, ತಾಲ್ಲೂಕು, ಗಾಯಕರು ಎಲ್ಲ ತುಂಬಿದ ಶೀರ್ಷಿಕೆ 85 ಸಂಕೇತ ದಾಟುವುದು ಸಾಮಾನ್ಯ, ದಾಟಿದರೆ ಫೈಲೇ ತೆರೆಯುವುದಿಲ್ಲ. ಬೈಟ್ ಎಣಿಸಿ ಕತ್ತರಿಸಲು ಹೋದರೆ ಅಕ್ಷರದ ನಡುವೆ ಕತ್ತರಿ ಬೀಳುತ್ತದೆ. ಶೀರ್ಷಿಕೆಯಲ್ಲಿ ಹೇರಳವಾಗಿ ಬರುವ ನಿಂತ ಗೆರೆ, ಪ್ರಶ್ನಾರ್ಥಕ, ಕೋಲನ್ ವಿಂಡೋಸಿಗೆ ಆಗದು.

ಇನ್ನೊಂದು ಕಾಣದ ತೊಡಕಿದೆ. ‘ಕೋಲಾರ’ದ ‘ಕೋ’ವನ್ನು ಯೂನಿಕೋಡಿನಲ್ಲಿ ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಬಿಡಿಬಿಡಿ ಚಿಹ್ನೆ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಸಿಗದು, ಒಂದೇ ಹಾಡು ಎರಡು ಸಲ ಕೂತಿರುತ್ತದೆ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಎನ್‌ಎಫ್‌ಸಿ ಎಂಬ ಕೂಡಿಸಿ ಬರೆದ ರೂಪಕ್ಕೆ ತಂದರೆ ಒಂದು ಸಾಲಿನಲ್ಲಿ ಬಗೆಹರಿಯುತ್ತದೆ.

ಇಷ್ಟೆಲ್ಲ ರಗಳೆ ಯಾಕೆಂದು ಫೈಲಿನ ಹೆಸರಾಗಿ ವಿಡಿಯೊದ 11 ಅಕ್ಷರದ ಐಡಿಯನ್ನೇ ಇಟ್ಟು, ಶೀರ್ಷಿಕೆಯನ್ನು ಸಿಎಸ್‌ವಿ ಪಟ್ಟಿಯಲ್ಲಿ ಬರೆಯುತ್ತೇನೆ. ಕೆಲವು ಐಡಿ ಅಡ್ಡಗೆರೆಯಿಂದ ಶುರುವಾಗುತ್ತವೆ, ಎಫ್‌ಎಫ್‌ಎಂಪೆಗ್ ಅದನ್ನು ಆಯ್ಕೆ ಎಂದು ತಿಳಿದು ಜಗಳಕ್ಕೆ ಬರುತ್ತದೆ. ಮುಂದೆ ಒಂದು ಅಕ್ಷರ ಸೇರಿಸಿಬಿಡಿ. ಸಿಎಸ್‌ವಿಯನ್ನು ಬಿಓಎಂ (ಫೈಲಿನ ಮೊದಲಲ್ಲಿ ಕೂರುವ ಗುರುತು) ಸಹಿತ ಯುಟಿಎಫ್-8ನಲ್ಲಿ ಉಳಿಸದಿದ್ದರೆ ಎಕ್ಸೆಲಿನಲ್ಲಿ ಕನ್ನಡ ಕಲಸುಮೇಲೋಗರ.

ಪೆನ್ ಡ್ರೈವಿನ ಪ್ರತಿ ಬೇರೆ. ಅಗ್ಗದ ಯುಎಸ್‌ಬಿ ಪ್ಲೇಯರುಗಳಿಗೆ ಎಂಪಿ3 ಬಿಟ್ಟು ಬೇರೆ ತಿಳಿಯದು, ಆದ್ದರಿಂದ ಎನ್‌ಕೋಡ್ ಮಾಡುವುದು ಇಲ್ಲಿ ಮಾತ್ರ, ಅದೂ ಎಂ4ಎ ಪ್ರತಿಯಿಂದ ಒಂದೇ ಸಲ. ಹಾಡಿಗೆ 128 ಕೆಬಿಪಿಎಸ್ ಸ್ಟೀರಿಯೊ, ಹರಿಕಥೆ ಪ್ರವಚನಕ್ಕೆ 64 ಮೊನೊ ಸಾಕು. ಬಿಟ್‌ರೇಟ್ ಏರಿಳಿಯುವ ವಿಧಾನ ಬೇಡ, ಹಳೆ ಪ್ಲೇಯರುಗಳು ಅದರ ಅವಧಿಯನ್ನು ತಪ್ಪಾಗಿ ತೋರಿಸುತ್ತವೆ. ಹಾಡಿನ ಹೆಸರು, ಗಾಯಕರ ವಿವರ ಇಡುವ ಟ್ಯಾಗ್ ಐಡಿ3ಯ 2.3 ಆವೃತ್ತಿಯಲ್ಲಿರಲಿ.

ಒಂದು ಹಾಡು ಪಿಸುಗುಟ್ಟಿ ಮುಂದಿನದು ಕಿರುಚಬಾರದು ಎಂದು ಎಫ್‌ಎಫ್‌ಎಂಪೆಗ್‌ನ ಲೌಡ್‌ನಾರ್ಮ್ ಫಿಲ್ಟರ್ ಹಾಕುತ್ತೇನೆ: ಗುರಿ ಮೈನಸ್ 16 ಲುಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ), ಶಿಖರ ಮೈನಸ್ 1.5 ಡೆಸಿಬೆಲ್. ಇದನ್ನು ಎರಡು ಸುತ್ತಿನಲ್ಲೇ ಮಾಡಬೇಕು. ಮೊದಲ ಸುತ್ತು ಅಳತೆಗೆ, ಆ ಅಳತೆ ಕೊಟ್ಟು ಎರಡನೆಯದು. ಒಂದೇ ಸುತ್ತಿನಲ್ಲಿ ಮುಗಿಸಿದರೆ ಫಿಲ್ಟರ್ ಹಾಡಿನುದ್ದಕ್ಕೂ ದನಿಯನ್ನು ಎತ್ತಿ ಇಳಿಸುತ್ತಾ ಹೋಗುತ್ತದೆ. ನಿಧಾನಕ್ಕೆ ಶುರುವಾಗಿ ಕೊನೆಗೆ ತಾಳ ಏರುವುದು ಭಜನೆಯ ಜೀವಾಳ, ಅದೇ ಸಪಾಟಾಗುತ್ತದೆ. ಶುರುವಿನ ಆಲಾಪದ ಹಿಂದಿನ ಫ್ಯಾನಿನ ಸದ್ದೂ ಎದ್ದು ಬರುತ್ತದೆ. ಶಿಖರದ ಮಿತಿ ಅಡ್ಡ ಬಂದಾಗ ಎರಡನೇ ಸುತ್ತೂ ತಾನಾಗಿ ಅದೇ ಚಾಳಿಗೆ ಇಳಿಯುತ್ತದೆ. ಅಂಥ ಹಾಡಿಗೆ ಗುರಿಯನ್ನು ಮೈನಸ್ 18ಕ್ಕೆ ಇಳಿಸಿ ನೋಡಿ. ಫಿಲ್ಟರ್ ಒಳಗೊಳಗೆ 192 ಕಿಲೋಹರ್ಟ್ಸ್‌ಗೆ ಏರಿಸುವುದರಿಂದ ಹೊರಬರುವ ಸ್ಯಾಂಪಲ್ ರೇಟ್ 44,100 ಎಂದು ನಾವೇ ಬರೆಯಬೇಕು.

ಅಗ್ಗದ ಪ್ಲೇಯರುಗಳು ಹಾಡುಗಳನ್ನು ಹೆಸರಿನ ಕ್ರಮದಲ್ಲಿ ನುಡಿಸುವುದಿಲ್ಲ, ಪೆನ್ ಡ್ರೈವಿಗೆ ಯಾವುದು ಮೊದಲು ಬರೆಯಲ್ಪಟ್ಟಿತೋ ಅದೇ ಮೊದಲು. ಫೋಲ್ಡರನ್ನು ಎಳೆದು ಹಾಕಿದರೆ ಮಂಗಳಾರತಿ ಮೊದಲು, ಗಣಪತಿ ಸ್ತುತಿ ಕೊನೆಗೆ ಬಂದೀತು. ಟೂಲ್ 001, 002 ಎಂದು ಹೆಸರಿಟ್ಟು, ಖಾಲಿ ಡ್ರೈವಿಗೆ ಒಂದಾದ ಮೇಲೆ ಒಂದರಂತೆ ನಕಲಿಸುತ್ತದೆ. ಅಳಿಸಿ ಮತ್ತೆ ಹಾಕಿದರೆ ಖಾಲಿ ಬಿದ್ದ ಜಾಗದಲ್ಲಿ ಹೊಸದು ಕೂತು ಕ್ರಮ ಕೆಡುತ್ತದೆ, ಹಾಗಾಗಿ ಪ್ರತಿ ಸಲ ಫಾರ್ಮ್ಯಾಟ್ ಮಾಡಿ ಶುರುಮಾಡಿ. ಫಾರ್ಮ್ಯಾಟ್ ಎಫ್‌ಎಟಿ32 ಇರಬೇಕು. 32 ಜಿಬಿ ಮೀರಿದ ಡ್ರೈವಿಗೆ ವಿಂಡೋಸಿನ ಫಾರ್ಮ್ಯಾಟ್ ಕಿಟಕಿ ಆ ಆಯ್ಕೆಯನ್ನು ತೋರಿಸುವುದಿಲ್ಲವಾದ್ದರಿಂದ 16 ಜಿಬಿಯದ್ದೇ ತನ್ನಿ. 128 ಕೆಬಿಪಿಎಸ್‌ನಲ್ಲಿ ಅದಕ್ಕೇ 250 ಗಂಟೆಗೂ ಹೆಚ್ಚು ಹಾಡು ಹಿಡಿಸುತ್ತದೆ.